ಅಕೌಂಟ್ಸ್ ಕೆಲಸದಲ್ಲಿ ಇರುವವರು ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕು?

ಲೆಡ್ಜರ್29

ಎಲ್ಲರಿಗೂ ನಮಸ್ಕಾರ. ನಾನು ಬಿಕಾಂ ಮಾಡಿಕೊಂಡು ದಾವಣಗೆರೆಯಲ್ಲಿ ಪೈಪು, ಫಿಟಿಂಗ್ಸ್ ಮಾರುವ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಟ್ಯಾಲಿ ಚೆನ್ನಾಗಿ ಬರುತ್ತದೆ. ಎಕ್ಸೆಲ್‌ನಲ್ಲಿ ವಿಲುಕಪ್ (ಒಂದು ಪಟ್ಟಿಯಲ್ಲಿದ್ದದ್ದನ್ನು ಇನ್ನೊಂದರಲ್ಲಿ ಹುಡುಕುವ ಸೂತ್ರ), ಪಿವೋಟ್ ಟೇಬಲ್ ತನಕ ಗೊತ್ತು. ಪ್ರೋಗ್ರಾಮಿಂಗ್ ಅಂತ ಮಾತ್ರ ಇದುವರೆಗೆ ಒಂದು ಸಾಲೂ ಬರೆದಿಲ್ಲ.

ಕಲಿಯಬೇಕು ಅನ್ನಿಸಿದ್ದು ಯಾಕೆ ಅಂದರೆ, ಪ್ರತಿ ತಿಂಗಳು 14ನೇ ತಾರೀಕು ಜಿಎಸ್‌ಟಿಆರ್ 2ಬಿ (ಸಪ್ಲೈಯರ್‌ಗಳು ನಮ್ಮ ಹೆಸರಿಗೆ ತೋರಿಸಿದ ಬಿಲ್‌ಗಳ ಜಿಎಸ್‌ಟಿ ಪಟ್ಟಿ) ಬಂದ ಮೇಲೆ ಅದನ್ನು ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡುವ ಕೆಲಸ ನನ್ನದೇ. ಸಪ್ಲೈಯರ್ ಬಿಲ್ ನಂಬರ್ 0045 ಅಂತ ಹಾಕಿರುತ್ತಾರೆ, ನಮ್ಮಲ್ಲಿ 45 ಅಂತ ಎಂಟ್ರಿ ಆಗಿರುತ್ತದೆ, ಇನ್ನೊಬ್ಬರು 45/25-26 ಅಂತ ಬರೆದಿರುತ್ತಾರೆ, ವಿಲುಕಪ್ ಹಾಕಿದರೆ ಎಷ್ಟೋ ಬಿಲ್ ಸಿಗುವುದೇ ಇಲ್ಲ, ಆಮೇಲೆ ಒಂದೊಂದೇ ಸಾಲು ಕಣ್ಣಲ್ಲಿ ಹುಡುಕಬೇಕು. ಇಂಥದ್ದನ್ನು ಪ್ರೋಗ್ರಾಂ ಬರೆದು ಮಾಡಿಸಬಹುದು ಅಂತ ಕೇಳಿದ್ದೇನೆ.

ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಅವನು ಜಾವಾ ಕಲಿ ಅನ್ನುತ್ತಾನೆ. ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ ಸಿ ಬರದೆ ಯಾವುದೂ ಬರಲ್ಲ ಅಕ್ಕ ಅನ್ನುತ್ತಾನೆ. ಯೂಟ್ಯೂಬಲ್ಲಿ ಎಲ್ಲರೂ ಪೈಥಾನ್ ಅಂತಾರೆ. ನಮ್ಮೂರಿನ ಒಂದು ಕೋಚಿಂಗ್ ಸೆಂಟರ್‌ಗೆ ಹೋಗಿ ಕೇಳಿದೆ. ನಾನು ಏನು ಕೆಲಸ ಮಾಡುತ್ತೇನೆ ಅಂತ ಒಂದು ಮಾತೂ ಕೇಳದೆ ಫುಲ್ ಸ್ಟ್ಯಾಕ್ (ವೆಬ್‌ಸೈಟ್ ಪೂರ್ತಿ ಮಾಡುವುದನ್ನು ಕಲಿಸುವ ಕೋರ್ಸ್) ತಗೊಳ್ಳಿ, ಕೆಲಸ ಗ್ಯಾರಂಟಿ, ಫೀಸು ಒಂದೇ ಸಲ ಕಟ್ಟಿ ಅಂದರು. ವಾಪಸ್ ಬಂದೆ.

ಇನ್ನೆರಡು ವಿಷಯ. ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ರ್‍ಯಾಮ್. ಎಸ್ಸೆಸ್ಸೆಲ್ಸಿ ತನಕ ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಆದರೆ ನಿಧಾನ. ಕೆಲಸ ಬದಲಾಯಿಸುವ ಯೋಚನೆ ಈಗಲೇ ಇಲ್ಲ. ಮುಂದೆ ಬಂದರೂ ಬರಬಹುದು. ಸಂಜೆ ಮನೆಗೆ ಬಂದ ಮೇಲೆ ಸ್ವಲ್ಪ ಹೊತ್ತು ಕೂರಬಲ್ಲೆ. ನೀವಾಗಿದ್ದರೆ ಯಾವುದರಿಂದ ಶುರು ಮಾಡುತ್ತಿದ್ದಿರಿ?

ಮಲೆನಾಡಿಗ

ಪೈಥಾನ್. ನಿಮ್ಮ ವಿಷಯದಲ್ಲಿ ನನಗೆ ಎರಡನೇ ಮಾತೇ ಇಲ್ಲ.

ಹೊಸದಾಗಿ ಕಲಿಯುವ ಬಹಳಷ್ಟು ಜನ ನಡುವೆ ಬಿಡುವುದು ಭಾಷೆ ಕಷ್ಟ ಅಂತ ಅಲ್ಲ. ಒಂದಷ್ಟು ಕಲಿತ ಮೇಲೆ ಇದರಲ್ಲಿ ಏನು ಮಾಡಲಿ ಅಂತ ಗೊತ್ತಾಗದೆ ಬಿಡುತ್ತಾರೆ. ನಿಮಗೆ ಆ ಸಮಸ್ಯೆ ಇಲ್ಲ, ಪ್ರತಿ ತಿಂಗಳು ತಾನಾಗಿ ಮೇಜಿನ ಮೇಲೆ ಬಂದು ಬೀಳುವ ಕೆಲಸ ಇದೆ. ಹಾಗಾದರೆ ಆ ಕೆಲಸಕ್ಕೆ ಹತ್ತಿರದ ದಾರಿ ಯಾವುದು ಅಂತ ನೋಡಬೇಕು ಅಷ್ಟೆ. ಎಕ್ಸೆಲ್ ಫೈಲ್ ಓದುವುದು, ಎರಡು ಪಟ್ಟಿ ಹೋಲಿಸುವುದು, ಸಿಗದ ಸಾಲುಗಳನ್ನು ಬೇರೆ ಫೈಲಿಗೆ ಹಾಕುವುದು. ಇದಕ್ಕೆಲ್ಲ ಪೈಥಾನ್‌ನಲ್ಲಿ ಸಿದ್ಧ ಸಾಮಗ್ರಿ ಇದೆ. ಸಿಎಸ್‌ವಿ (ಕಾಮಾ ಹಾಕಿ ಕಾಲಂ ಬೇರೆ ಮಾಡಿದ ಪಟ್ಟಿಯ ಫೈಲ್) ಓದುವುದು ಪೈಥಾನ್ ಜೊತೆಗೇ ಬರುತ್ತದೆ, ಎಕ್ಸೆಲ್‌ಗೆ ಓಪನ್‌ಪೈಎಕ್ಸೆಲ್ ಅಂತ ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿಕೊಂಡರೆ ಆಯಿತು, ಮುಂದೆ ಕೈ ಪಳಗಿದ ಮೇಲೆ ದೊಡ್ಡ ಪಟ್ಟಿಗಳಿಗೆ ಪಾಂಡಾಸ್ ಅನ್ನುವ ಲೈಬ್ರರಿ.

ಇನ್ನೊಂದು ಕಾರಣ ಅದರ ಹುಟ್ಟಿನಲ್ಲೇ ಇದೆ. ಪೈಥಾನ್ ಮಾಡಿದ ಗೀಡೋ ವಾನ್ ರಾಸಮ್ ಅದಕ್ಕೂ ಮೊದಲು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಎಬಿಸಿ ಅನ್ನುವ ಭಾಷೆಯ ಕೆಲಸದಲ್ಲಿದ್ದರು. ಅದು ಕಂಪ್ಯೂಟರ್ ಪಂಡಿತರಲ್ಲದವರಿಗಾಗಿ ಮಾಡಿದ ಭಾಷೆ. ಅಲ್ಲಿ ಚೆನ್ನಾಗಿದ್ದದ್ದನ್ನು ಉಳಿಸಿಕೊಂಡು 1991ರಲ್ಲಿ ಪೈಥಾನ್ ಹೊರಬಂತು. ಬ್ರಾಕೆಟ್ ಬದಲು ಸಾಲನ್ನು ಒಳಕ್ಕೆ ಸರಿಸಿ ಬರೆಯುವ ಪದ್ಧತಿ ಕೂಡ ಅಲ್ಲಿಂದಲೇ ಬಂದದ್ದು.

ಒಂದೇ ಮಾತು, 2ಬಿ ತಾಳೆ ನೋಡುವುದರಿಂದ ಶುರು ಮಾಡಬೇಡಿ. ಅದು ಮೂರನೆಯದೋ ನಾಲ್ಕನೆಯದೋ ಪ್ರೋಗ್ರಾಂ ಆಗಲಿ. ಮೊದಲನೆಯದು ಜಿಎಸ್‌ಟಿ ನಂಬರ್ ಆಗಲಿ. ಅದರಲ್ಲಿ 15 ಅಕ್ಷರ ಇರುತ್ತವೆ. ಮೊದಲ ಎರಡು ರಾಜ್ಯದ ಕೋಡ್, ಆಮೇಲಿನ ಹತ್ತು ಪ್ಯಾನ್. ಒಂದು ನಂಬರ್ ಟೈಪ್ ಮಾಡಿದರೆ ಉದ್ದ 15 ಇದೆಯಾ ನೋಡಿ, ಇಲ್ಲದಿದ್ದರೆ ತಪ್ಪು ಅಂತ ಹೇಳಲಿ. ಮೊದಲ ಎರಡು ಅಕ್ಷರ 29, ಅಂದರೆ ಕರ್ನಾಟಕ, ಆಗಿದ್ದರೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ವ್ಯಾಪಾರದ ತೆರಿಗೆ), ಬೇರೆ ಆಗಿದ್ದರೆ ಐಜಿಎಸ್‌ಟಿ (ಹೊರರಾಜ್ಯದ್ದು) ಅಂತ ತೋರಿಸಲಿ. ನಿಜದಲ್ಲಿ ಪ್ಲೇಸ್ ಆಫ್ ಸಪ್ಲೈ ನೋಡಬೇಕು, ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಅಭ್ಯಾಸಕ್ಕೆ ಇಷ್ಟು ಸಾಕು. ಮೊದಲ ಎರಡು ಅಕ್ಷರ ತೆಗೆಯಲು, ಪ್ರೋಗ್ರಾಮಿನಲ್ಲಿ ಆ ನಂಬರಿಗೆ ಇಟ್ಟ ಹೆಸರಿನ ಪಕ್ಕದಲ್ಲಿ [:2] ಅಂತ ಬರೆದರೆ ಮುಗಿಯಿತು. ಪ್ಯಾನ್ ಬೇಕಾದರೆ [2:12]. ಎಣಿಕೆ ಸೊನ್ನೆಯಿಂದ ಶುರು ಆಗುತ್ತದೆ, ಬ್ರಾಕೆಟ್ ಒಳಗಿನ ಕೊನೆಯ ಅಂಕಿಯ ಜಾಗದಲ್ಲಿರುವ ಅಕ್ಷರ ಲೆಕ್ಕಕ್ಕಿಲ್ಲ. ಇದು ಮೊದಲು ವಿಚಿತ್ರ ಅನ್ನಿಸುತ್ತದೆ, ಆಮೇಲೆ ರೂಢಿ ಆಗುತ್ತದೆ.

ನಿಮ್ಮ ಲ್ಯಾಪ್‌ಟಾಪಿಗೆ ಥಾನಿ ಅನ್ನುವ, ಪೈಥಾನ್ ಬರೆದು ಓಡಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಮಾಡಿದ್ದು, ಉಚಿತ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ, ಪೈಥಾನ್ ಅದರೊಳಗೇ ಇರುವುದರಿಂದ ಬೇರೆ ಏನೂ ಹಾಕಬೇಕಿಲ್ಲ. ಒಂದೊಂದೇ ಹೆಜ್ಜೆ ಓಡಿಸಿ ಯಾವ ಹೆಸರಿನಲ್ಲಿ ಯಾವ ಬೆಲೆ ಕೂತಿದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಅದನ್ನು ನೋಡುತ್ತಾ ಕಲಿತರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಲ್ಯಾಬ್ ಮೇಷ್ಟ್ರು

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸಿ ಲ್ಯಾಬ್ ತೆಗೆದುಕೊಳ್ಳುತ್ತೇನೆ. ಹಾಗಾಗಿ ಪಕ್ಕದ ಮನೆ ಹುಡುಗನ ಪರವಾಗಿ ಸ್ವಲ್ಪ ಮಾತಾಡುತ್ತೇನೆ.

ಸಿ ಬರದೆ ಯಾವುದೂ ಬರಲ್ಲ ಅನ್ನುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಸಿ ಕಲಿತವರಿಗೆ ಕಂಪ್ಯೂಟರ್ ಒಳಗೆ ಏನಾಗುತ್ತಿದೆ ಅನ್ನುವುದು ಕೈಗೆ ಸಿಗುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಫ್ಯಾಕ್ಟೋರಿಯಲ್ ಅಂದರೆ ಒಂದರಿಂದ ಆ ಸಂಖ್ಯೆ ತನಕ ಎಲ್ಲವನ್ನೂ ಗುಣಿಸುವುದು. ಸಿ ಬರೆದು ಓಡಿಸುವ ಹಳೆಯ ಸಾಫ್ಟ್‌ವೇರ್ ಟರ್ಬೋ ಸಿ ಇನ್ನೂ ಎಷ್ಟೋ ಲ್ಯಾಬಲ್ಲಿ ಇದೆ. ಅದರಲ್ಲಿ 7ರ ಫ್ಯಾಕ್ಟೋರಿಯಲ್ ಕೇಳಿದರೆ 5040 ಸರಿಯಾಗಿ ಬರುತ್ತದೆ. 8ರದ್ದು 40320 ಬರಬೇಕು. ಪರದೆ ಮೇಲೆ ಬರುವುದು ಮೈನಸ್ 25216. ಎಲ್ಲವೂ ಪ್ಲಸ್ ಸಂಖ್ಯೆಗಳೇ, ಗುಣಿಸಿದರೆ ಮೈನಸ್ ಎಲ್ಲಿಂದ ಬಂತು ಅಂತ ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆಗ ಪಾಠ ಶುರು ಆಗುತ್ತದೆ. ಅಲ್ಲಿ ಒಂದು ಪೂರ್ಣಾಂಕಕ್ಕೆ ಕೊಟ್ಟಿರುವ ಜಾಗ 16 ಬಿಟ್, ಅದರಲ್ಲಿ 32767ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ, ದಾಟಿದರೆ ಸುತ್ತಿಕೊಂಡು ಮೈನಸ್ ಕಡೆಗೆ ಹೋಗುತ್ತದೆ. 40320ರಲ್ಲಿ 65536 ಕಳೆದು ನೋಡಿ, ಅದೇ ಉತ್ತರ. ಪೈಥಾನ್‌ನಲ್ಲಿ ನೂರರ ಫ್ಯಾಕ್ಟೋರಿಯಲ್ ಕೇಳಿದರೂ ಸರಿಯಾಗಿ ಕೊಡುತ್ತದೆ. ಅದು ಅನುಕೂಲವೇ, ಆದರೆ ಸಂಖ್ಯೆಗೂ ಜಾಗ ಬೇಕು ಅನ್ನುವ ಪ್ರಶ್ನೆಯೇ ಕಲಿಯುವವರ ತಲೆಗೆ ಬರುವುದಿಲ್ಲ.

ಸಿ ಹುಟ್ಟಿದ್ದು 1970ರ ದಶಕದ ಶುರುವಿನಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ, ಡೆನ್ನಿಸ್ ರಿಚೀ ಕೈಯಲ್ಲಿ. ಇವತ್ತಿಗೂ ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಬಹುಪಾಲು ಸಿ. ಇವರೆಲ್ಲ ಹೇಳುತ್ತಿರುವ ಪೈಥಾನ್ ಇದೆಯಲ್ಲ, ನಾವು ಸಾಮಾನ್ಯವಾಗಿ ಇಳಿಸಿಕೊಳ್ಳುವ ಪೈಥಾನ್, ಅದನ್ನು ಬರೆದಿರುವುದೂ ಸಿ ಭಾಷೆಯಲ್ಲಿ. ಹಾರ್ವರ್ಡ್‌ನ ಸಿಎಸ್50 ಕೋರ್ಸ್ ಉಚಿತವಾಗಿ ನೋಡಲು ಸಿಗುತ್ತದೆ, ಅಲ್ಲೂ ಮೊದಲು ಸ್ಕ್ರ್ಯಾಚ್ (ಪರದೆ ಮೇಲಿನ ತುಂಡುಗಳನ್ನು ಜೋಡಿಸಿ ಬರೆಯುವ ಭಾಷೆ), ಆಮೇಲೆ ಕೆಲವು ವಾರ ಸಿ, ಅದಾದ ಮೇಲೆಯೇ ಪೈಥಾನ್.

ಸಿ ಹಿಡಿಯುವುದಾದರೆ ದಯವಿಟ್ಟು ಟರ್ಬೋ ಸಿ ಬೇಡ, ಜಿಸಿಸಿ ಅನ್ನುವ ಕಂಪೈಲರ್ (ಬರೆದ ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತರುವ ಸಾಫ್ಟ್‌ವೇರ್) ಹಾಕಿಕೊಳ್ಳಿ. ಟರ್ಬೋ ಸಿ ಡಾಸ್ ಕಾಲದ್ದು, ಅದರಲ್ಲಿ ಕಲಿತ ಎಷ್ಟೋ ರೂಢಿಗಳು ಈಗಿನ ಕಂಪೈಲರ್‌ಗಳಲ್ಲಿ ನಡೆಯುವುದೇ ಇಲ್ಲ.

ಕೋಡ್_ಕೃಷ್ಣೆ

ಮೇಷ್ಟ್ರೇ, ನೀವು ಹೇಳಿದ್ದು ನಾಲ್ಕು ವರ್ಷ ಕೈಯಲ್ಲಿರುವ, ಪಕ್ಕದಲ್ಲಿ ನಿಮ್ಮಂಥವರು ನಿಂತಿರುವ ಹುಡುಗರಿಗೆ ನೂರಕ್ಕೆ ನೂರು ಸರಿ. ಇವರು ದಿನವಿಡೀ ಅಂಗಡಿಯ ಲೆಕ್ಕ ಬರೆದು ಸಂಜೆ ಒಬ್ಬರೇ ಕೂತು ಕಲಿಯುವವರು.

ಇವರಿಗೆ ಬೇಕಾದ್ದು ಎರಡು ಬಿಲ್ ನಂಬರ್ ಒಂದೇನಾ ಅಂತ ನೋಡುವುದು, ಅಲ್ವಾ? ಸಿ ಭಾಷೆಯಲ್ಲಿ ಎರಡು ಪದಗಳ ನಡುವೆ == (ಎರಡೂ ಒಂದೇನಾ ಅಂತ ಕೇಳುವ ಗುರುತು) ಹಾಕಿದರೆ ಅದು ಅಕ್ಷರಗಳನ್ನು ಹೋಲಿಸುವುದಿಲ್ಲ, ಅವು ಮೆಮೊರಿಯಲ್ಲಿ ಕೂತಿರುವ ವಿಳಾಸಗಳನ್ನು ಹೋಲಿಸುತ್ತದೆ, ಹಾಗಾಗಿ ಕಣ್ಣಿಗೆ ಎರಡೂ ಒಂದೇ ಕಂಡರೂ ಬೇರೆ ಅಂದುಬಿಡಬಹುದು, ಅದಕ್ಕೆ ಬೇರೆ ಫಂಕ್ಷನ್ ಕರೆಯಬೇಕು, ಅದಕ್ಕೂ ಮೊದಲು ಆ ಪದಕ್ಕೆ ಎಷ್ಟು ಜಾಗ ಬೇಕು ಅಂತ ಮುಂಚೆಯೇ ಹೇಳಬೇಕು, ಪಾರ್ಟಿ ಹೆಸರಿನೊಳಗೇ ಒಂದು ಕಾಮಾ ಇದ್ದರೆ ಸಿಎಸ್‌ವಿ ಸಾಲನ್ನು ಒಡೆಯುವ ಕೋಡನ್ನು ತಾವೇ ಬರೆಯಬೇಕು. ಇದೆಲ್ಲ ಕಲಿಯಬಾರದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಮೊದಲ ವಾರವೇ ಇದು ಎದುರಾದರೆ ಒಳ್ಳೆಯ ಹುಮ್ಮಸ್ಸಿನಲ್ಲಿ ಶುರು ಮಾಡಿದವರು ನನ್ನ ತಲೆಗೆ ಇದು ಹತ್ತಲ್ಲ ಅಂತ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹಾಗೆ ಬಿಟ್ಟವರನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಲ್ಯಾಬ್ ಮೇಷ್ಟ್ರು

ಫೈಲ್ ಓದುವ ವಿಷಯದಲ್ಲಿ ನೀವು ಹೇಳಿದ್ದು ಒಪ್ಪಿಗೆ. ಅಕೌಂಟ್ಸ್ ಕೆಲಸಕ್ಕೆ ಪೈಥಾನ್ ಮೊದಲು ಇರಲಿ. ಆದರೆ ಆಸಕ್ತಿ ಉಳಿದರೆ ಮುಂದೆ ಯಾವಾಗಲಾದರೂ ಸಿ ಕಡೆ ಬನ್ನಿ ಲೆಡ್ಜರ್ ಅವರೇ.

ಸಿಲ್ಕ್‌ಬೋರ್ಡ್ ಸಿಗ್ನಲ್

ಜಾವಾ ಬಗ್ಗೆ ಯಾರೂ ಮಾತಾಡಿಲ್ಲ. ನಾನು ಕೆಲಸದಲ್ಲಿ ದಿನಾ ಬರೆಯುವುದು ಅದನ್ನೇ.

ನಿಮ್ಮ ಅಣ್ಣ ಹೇಳಿದ್ದು ಅವರ ಜಾಗದಿಂದ ನೋಡಿದರೆ ಸರಿ. ಬ್ಯಾಂಕು, ಇನ್ಶೂರೆನ್ಸ್, ದೊಡ್ಡ ಕಂಪನಿಗಳ ಒಳಗಿನ ವ್ಯವಸ್ಥೆ, ಇಲ್ಲೆಲ್ಲ ಜಾವಾ ಬಹಳ ಇದೆ. ಆದರೆ ಪರದೆ ಮೇಲೆ ಒಂದು ಸಾಲು ಬರಿಸಲು ಮೊದಲು ಕ್ಲಾಸ್ ಬರೆಯಬೇಕು, ಅದರೊಳಗೆ ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್ ಬರೆಯಬೇಕು, ಇವುಗಳ ಅರ್ಥ ಆಮೇಲೆ ಹೇಳುತ್ತೇವೆ ಈಗ ಸುಮ್ನೆ ಬರೆದುಕೊಳ್ಳಿ ಅಂತ ಮೇಷ್ಟ್ರುಗಳು ಹೇಳುತ್ತಿದ್ದರು. ಜಾವಾ ಮಾಡುವವರಿಗೇ ಇದು ಹೊಸಬರಿಗೆ ತೊಡಕು ಅಂತ ಅನ್ನಿಸಿ 2025ರಲ್ಲಿ ಬಂದ ಜಾವಾ 25ರಲ್ಲಿ ಅದನ್ನು ಸರಳ ಮಾಡಿದ್ದಾರೆ. ಆದರೂ ಎಕ್ಸೆಲ್ ಫೈಲ್ ತಾಳೆ ನೋಡಲು ಜಾವಾ ಹಿಡಿಯಿರಿ ಅಂತ ನಾನು ಹೇಳಲಾರೆ.

ಜಾವಾಸ್ಕ್ರಿಪ್ಟ್ ಬೇರೆ, ಹೆಸರು ಮಾತ್ರ ಹತ್ತಿರ. ಎರಡೂ 1995ರಲ್ಲಿ ಹೊರಬಂದವು, ಜಾವಾ ಸನ್ ಮೈಕ್ರೋಸಿಸ್ಟಮ್ಸ್‌ನಿಂದ, ಜಾವಾಸ್ಕ್ರಿಪ್ಟ್ ನೆಟ್‌ಸ್ಕೇಪ್‌ನಿಂದ. ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಬ್ರೆಂಡನ್ ಐಕ್ 10 ದಿನದಲ್ಲಿ ಬರೆದರು. ವೆಬ್‌ಸೈಟ್ ಮಾಡಬೇಕು ಅಂತ ಆಸೆ ಇದ್ದರೆ ಮೊದಲ ಭಾಷೆಯಾಗಿ ಇದನ್ನೇ ಹಿಡಿಯಬಹುದು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್‌ನಲ್ಲಿ ಎಫ್12 ಒತ್ತಿ ಕನ್ಸೋಲ್ ತೆರೆದು ಬರೆಯಲು ಶುರು ಮಾಡಬಹುದು. ಅಂಕಿಗಳ ಕೆಲಸ ಮಾಡುವವರು ಮಾತ್ರ ಇದರಲ್ಲಿ ಎಚ್ಚರ ಇರಬೇಕು. ಕೋಟ್ ಒಳಗಿನ "5" ಮತ್ತು 3 ಕೂಡಿಸಿದರೆ ಅದು "53" ಅಂತ ಅಂಟಿಸಿಕೊಡುತ್ತದೆ, ಅದೇ "5"ರಲ್ಲಿ 3 ಕಳೆದರೆ 2 ಅನ್ನುತ್ತದೆ. ಎರಡರಲ್ಲೂ ತಪ್ಪು ಅಂತ ಹೇಳುವುದಿಲ್ಲ. ಪೈಥಾನ್ ಆದರೆ ಎರಡನ್ನೂ ಅಲ್ಲೇ ನಿಲ್ಲಿಸಿ ಟೈಪ್ ಎರರ್ ಕೊಡುತ್ತದೆ. ಲೆಕ್ಕದವರಿಗೆ ಹೀಗೆ ನಿಲ್ಲಿಸುವ ಭಾಷೆಯೇ ಒಳ್ಳೆಯದು.

ಕೋಚಿಂಗ್ ವಿಷಯಕ್ಕೆ, ವಾಪಸ್ ಬಂದಿದ್ದು ಒಳ್ಳೆಯದಾಯಿತು. ಏನು ಮಾಡಬೇಕು ಅಂತ ಇದ್ದೀರಿ ಎಂದು ಕೇಳದೆ ಕೋರ್ಸ್ ಹೇಳುವವರಿಗೆ ಮುಂಗಡ ದುಡ್ಡು ಕೊಡಬೇಡಿ. ಐಐಟಿಗಳು ನಡೆಸುವ ಎನ್‌ಪಿಟೆಲ್‌ನಲ್ಲಿ ಪೈಥಾನ್ ಪಾಠಗಳು ಪೂರ್ತಿ ಉಚಿತ.

ವೋಚರ್ ವೀರ

ನಾನೂ ಬಿಕಾಂ, ನಾನೂ ಟ್ಯಾಲಿಯಿಂದಲೇ ಈ ಕಡೆ ಬಂದವನು. ಆದ್ದರಿಂದ ಇಲ್ಲಿ ಯಾರೂ ಹೇಳದ ಎರಡು ದಾರಿ ಹೇಳುತ್ತೇನೆ.

ಒಂದು ವಿಬಿಎ, ಮೈಕ್ರೋಸಾಫ್ಟ್ ಆಫೀಸಿನ ಒಳಗಿನ ಪ್ರೋಗ್ರಾಮಿಂಗ್ ಭಾಷೆ. ನಿಮ್ಮ ಎಕ್ಸೆಲ್ ಒಳಗೇ ಇದೆ, 1993ರಿಂದ ಇದೆ. ಡೆವಲಪರ್ ಟ್ಯಾಬ್‌ನಲ್ಲಿ ರೆಕಾರ್ಡ್ ಮ್ಯಾಕ್ರೋ ಒತ್ತಿ, ನೀವು ದಿನಾ ಮಾಡುವ ನಾಲ್ಕು ಹೆಜ್ಜೆ ಮಾಡಿ, ನಿಲ್ಲಿಸಿ. ನೀವು ಮಾಡಿದ್ದೆಲ್ಲ ಕೋಡ್ ಆಗಿ ಬರೆದಿರುತ್ತದೆ, ಅದನ್ನು ತೆರೆದು ಓದಬಹುದು, ತಿದ್ದಬಹುದು. ನಿಮ್ಮ ಕೈಯ ಕೆಲಸವೇ ಕೋಡ್ ಆಗಿ ಎದುರು ನಿಲ್ಲುವುದನ್ನು ನೋಡುವ ಖುಷಿಯೇ ಬೇರೆ. ಆಫೀಸಿನ ಕಂಪ್ಯೂಟರಲ್ಲಿ ಹೊಸದೇನೂ ಹಾಕಲು ಬಿಡದವರಿಗೆ ಇದು ದೊಡ್ಡ ಉಪಕಾರ. ಕೊರತೆ ಏನು ಅಂದರೆ, ಕಲಿತದ್ದು ಎಕ್ಸೆಲ್, ಆಫೀಸ್ ಬಿಟ್ಟು ಹೊರಗೆ ಜಾಸ್ತಿ ಉಪಯೋಗಕ್ಕೆ ಬರಲ್ಲ, ಮತ್ತೆ ಮೇಲ್‌ನಲ್ಲಿ ಕಳಿಸಿದ ಮ್ಯಾಕ್ರೋ ಫೈಲನ್ನು ಈಗ ಎಕ್ಸೆಲ್ ತಾನಾಗಿ ತಡೆಯುತ್ತದೆ.

ಇನ್ನೊಂದು ಟಿಡಿಎಲ್. ಟ್ಯಾಲಿಯ ಸ್ವಂತ ಭಾಷೆ. ಇನ್‌ವಾಯ್ಸ್‌ನಲ್ಲಿ ಒಂದು ಕಾಲಂ ಜಾಸ್ತಿ ಬೇಕು, ವೋಚರ್‌ನಲ್ಲಿ ಲಾರಿ ನಂಬರ್ ಕೇಳಬೇಕು, ಹೊಸ ರಿಪೋರ್ಟ್ ಬೇಕು, ಇದಕ್ಕೆಲ್ಲ ಬರೆಯುವುದು ಟಿಡಿಎಲ್‌ನಲ್ಲಿ. ಇದನ್ನು ಬಲ್ಲವರಿಗೆ ಸಣ್ಣ ಊರುಗಳಲ್ಲೂ ಕೆಲಸ ಇದೆ, ಟ್ಯಾಲಿ ಇರುವ ಅಂಗಡಿ ಎಲ್ಲಿಲ್ಲ ಹೇಳಿ. ಆದರೆ ಪ್ರೋಗ್ರಾಮಿಂಗ್ ಅಂದರೇನು ಅಂತ ಮೊದಲ ಸಲ ಕಲಿಯಲು ಅದು ಸರಿಯಾದ ಜಾಗ ಅಲ್ಲ. ಫಾರ್ಮ್, ಪಾರ್ಟ್, ಲೈನ್, ಫೀಲ್ಡ್ ಅಂತ ವಿವರಣೆ ಬರೆಯುತ್ತಾ ಹೋಗುವುದೇ ಜಾಸ್ತಿ. ಅದನ್ನು ಕಲಿಯುವವರಿಗೆ ಹೊರಗೆ ಸಿಗುವ ಸಹಾಯವೂ ಕಡಿಮೆ. ಪೈಥಾನ್ ಒಂದು ಮಟ್ಟಕ್ಕೆ ಬಂದ ಮೇಲೆ ಟಿಡಿಎಲ್ ನೋಡಿ, ಆಗ ನಿಮ್ಮಂಥ ಅಕೌಂಟ್ಸ್ ಗೊತ್ತಿರುವವರಿಗೆ ಅದರಲ್ಲಿ ಒಳ್ಳೆಯ ದಾರಿ ಇದೆ ಅಂತ ನನ್ನ ನಂಬಿಕೆ.

ಇನ್ನೊಂದು ಮಾತು. ಎಕ್ಸೆಲ್‌ನಲ್ಲಿ ಇಫ್ ಒಳಗೆ ಇಫ್ ಹಾಕಿದ್ದೀರಿ ಅಂದರೆ ನೀವು ಪ್ರೋಗ್ರಾಮಿಂಗ್ ಶುರು ಮಾಡಿ ಆಗಿದೆ. ಒಂದು ಸಾಲೂ ಬರೆದಿಲ್ಲ ಅಂತ ಹೇಳಿಕೊಳ್ಳಬೇಡಿ.

ಅಕ್ಷರ_ಅಂಕಿ

ಕನ್ನಡ ಮೀಡಿಯಂ ಅಂದಿರಲ್ಲ, ಅದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ. ನಾನೂ ಕನ್ನಡ ಮೀಡಿಯಂ.

ಪೈಥಾನ್‌ನಲ್ಲಿ ಇರುವ ಕಾಯಂ ಪದಗಳು 35. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್, ಈ ತರದವು. ಶುರುವಿನಲ್ಲಿ ಬೇಕಾಗುವುದು ಅದರಲ್ಲೂ ಒಂದು ಹತ್ತು ಹನ್ನೆರಡು. ಉಳಿದ ಹೆಸರುಗಳಲ್ಲಿ ಹೆಚ್ಚಿನವನ್ನು ಇಡುವವರು ನೀವು. ಪೈಥಾನ್ 3ರಲ್ಲಿ ಆ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಮೊತ್ತ, ದರ, ತೆರಿಗೆ ಅಂತ ಬರೆದು ಮೊತ್ತ = ದರ + ತೆರಿಗೆ ಅಂದರೆ ನಿಜಕ್ಕೂ ಓಡುತ್ತದೆ. ಕಲಿಯುವ ಮೊದಲ ದಿನಗಳಲ್ಲಿ ಹೀಗೆ ಬರೆದರೆ ಯಾವುದು ಭಾಷೆಯ ಪದ, ಯಾವುದು ನಾನಿಟ್ಟ ಹೆಸರು ಅನ್ನುವುದು ಕಣ್ಣಿಗೇ ಬೇರೆಯಾಗಿ ಕಾಣುತ್ತದೆ. ಇಂಗ್ಲಿಷಿನ ಉದಾಹರಣೆಗಳಲ್ಲಿ ಅದು ಕಲಸಿಹೋಗಿರುತ್ತದೆ, ಪ್ರೈಸ್ ಅನ್ನುವುದೂ ಪೈಥಾನ್ ಪದವೇ ಅಂತ ಎಷ್ಟೋ ಜನ ತುಂಬಾ ದಿನ ಅಂದುಕೊಂಡಿರುತ್ತಾರೆ.

ಇದರಲ್ಲಿ ಒಂದು ಕಡೆ ಜೋಪಾನ. ಬಿಲ್‌ಮೊತ್ತ ಅಂತ ಹೆಸರಿಟ್ಟರೆ ಎರರ್ ಬರುತ್ತದೆ. ಕಾರಣ, ಲ್ ಮತ್ತು ಮೊ ಒಂದಕ್ಕೊಂದು ಒತ್ತಕ್ಷರವಾಗಿ ಅಂಟದಿರಲಿ ಅಂತ ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಿರುತ್ತದೆ. ಯೂನಿಕೋಡ್‌ನಲ್ಲಿ ಅದರ ನಂಬರ್ 200ಸಿ. ಹೆಸರುಗಳ ಒಳಗೆ ಅದನ್ನು ಪೈಥಾನ್ ಒಪ್ಪುವುದಿಲ್ಲ. ಬಿಲ್_ಮೊತ್ತ ಅಂತ ನಡುವೆ ಅಂಡರ್‌ಸ್ಕೋರ್ ಹಾಕಿದರೆ ಸರಿ. ಇದು ಹೆಸರಿಡುವಾಗ ಮಾತ್ರ ಅಲ್ಲ, ಮುಂದೆ ಕನ್ನಡದಲ್ಲಿ ಟೈಪ್ ಮಾಡಿದ ಪಾರ್ಟಿ ಹೆಸರುಗಳನ್ನು ಹೋಲಿಸುವಾಗಲೂ ನೆನಪಿರಲಿ. ಒಬ್ಬರು ಆ ಗುರುತಿನ ಜೊತೆ ಟೈಪ್ ಮಾಡಿ ಇನ್ನೊಬ್ಬರು ಅದೇ ಗುರುತನ್ನು ಎರಡು ಸಲ ಒತ್ತಿಬಿಟ್ಟಿದ್ದರೆ ಪರದೆ ಮೇಲೆ ಎರಡೂ ತದ್ರೂಪ, ಪೈಥಾನ್ ಮಾತ್ರ ಬೇರೆ ಅನ್ನುತ್ತದೆ. ಇಂಗ್ಲಿಷ್ ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದುಹೋದರೂ ಹೀಗೇ. ನಿಮ್ಮ ವಿಲುಕಪ್ ಕೈಕೊಡುವುದಕ್ಕೂ ಎಷ್ಟೋ ಸಲ ಅದೇ ಕಾರಣ ಇರಬಹುದು, ನೋಡಿ.

ಆಫೀಸಿನಲ್ಲಿ ಬೇರೆಯವರ ಜೊತೆ ಕೋಡ್ ಹಂಚಿಕೊಳ್ಳುವಾಗ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕಲಿಯುವಾಗ ನಿಮ್ಮಿಷ್ಟ.

ಎರರ್ ಬಂದಾಗ ಕೆಂಪು ಅಕ್ಷರದ ರಾಶಿ ನೋಡಿ ಹೆದರಬೇಡಿ. ಕೊನೆಯ ಸಾಲು ಮೊದಲು ಓದಿ, ಏನಾಯಿತು ಅಂತ ಅಲ್ಲಿರುತ್ತದೆ. ಅದರ ಮೇಲೆ ಯಾವ ಸಾಲಿನಲ್ಲಿ ಅಂತ ಇರುತ್ತದೆ. ಅರ್ಥ ಆಗದಿದ್ದರೆ ಆ ಒಂದು ಸಾಲನ್ನು ಚಾಟ್‌ಜಿಪಿಟಿಗೆ ಕೊಟ್ಟು ಕನ್ನಡದಲ್ಲಿ ಬಿಡಿಸಿ ಹೇಳು ಅಂತ ಕೇಳಬಹುದು, ನಾನೂ ಕೇಳುತ್ತೇನೆ. ಪೂರ್ತಿ ಪ್ರೋಗ್ರಾಮೇ ಬರೆದುಕೊಡು ಅಂತ ಈಗಲೇ ಕೇಳಿದರೆ ಕಲಿಯುವುದು ಅಲ್ಲಿಗೇ ನಿಲ್ಲುತ್ತದೆ. ಅಂಗಡಿಯ ನಿಜವಾದ ಜಿಎಸ್‌ಟಿ ನಂಬರ್, ಪಾರ್ಟಿ ಹೆಸರು ಅಲ್ಲಿಗೆ ಖಂಡಿತ ಹಾಕಬೇಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ದನಿಯ ಪಾಠಗಳೂ ಇವೆ, ಹುಡುಕಿ ನೋಡಿ.

ಲೆಡ್ಜರ್29

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಥಾನಿ ಹಾಕಿಕೊಂಡೆ. ಜಿಎಸ್‌ಟಿ ನಂಬರ್ ಪ್ರೋಗ್ರಾಂ ಓಡಿತು! 29 ಕೊಟ್ಟರೆ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ, 27 ಕೊಟ್ಟರೆ ಐಜಿಎಸ್‌ಟಿ. ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದೇನೆ.

ಆಮೇಲೆ ಅದಕ್ಕೇ ತೆರಿಗೆ ಲೆಕ್ಕ ಸೇರಿಸಲು ಹೋದೆ. ಅಲ್ಲಿ ಒಂದು ಅರ್ಥ ಆಗದ ವಿಷಯ. ಹೊರರಾಜ್ಯದ ಪಾರ್ಟಿ, ಮಾಲು 625 ರೂಪಾಯಿ, 18 ಪರ್ಸೆಂಟ್ ಐಜಿಎಸ್‌ಟಿ ಅಂದರೆ 112.50. ಅದನ್ನು ರೂಪಾಯಿಗೆ ರೌಂಡ್ ಮಾಡು ಅಂದರೆ ಪೈಥಾನ್ 112 ಅನ್ನುತ್ತಿದೆ. ಎಕ್ಸೆಲ್‌ನಲ್ಲಿ ಅದೇ ರೌಂಡ್ ಹಾಕಿದರೆ 113. ಸಿಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ 50 ಪೈಸೆ ಮತ್ತು ಮೇಲ್ಪಟ್ಟದ್ದು ಮುಂದಿನ ರೂಪಾಯಿಗೆ ಹೋಗಬೇಕು, ಹಾಗಾಗಿ 113 ಸರಿ. 113.50 ಕೊಟ್ಟು ನೋಡಿದೆ, ಆಗ 114 ಸರಿಯಾಗಿ ಬರುತ್ತದೆ. ಒಂದಕ್ಕೆ ಕೆಳಗೆ, ಒಂದಕ್ಕೆ ಮೇಲೆ ಯಾಕೆ?

ಮಲೆನಾಡಿಗ

ಎಷ್ಟು ಒಳ್ಳೆಯ ಪ್ರಶ್ನೆ! ಪ್ರೋಗ್ರಾಮರ್‌ಗಳಲ್ಲೇ ಬಹಳ ಜನ ಇದನ್ನು ಗಮನಿಸಿರುವುದಿಲ್ಲ. ಲೆಕ್ಕದ ಕೆಲಸ ಮಾಡುವ ಕಣ್ಣು ತಕ್ಷಣ ಹಿಡಿಯಿತು ನೋಡಿ.

ಪೈಥಾನ್ 3ರ ರೌಂಡ್ ಸರಿಯಾಗಿ ಅರ್ಧಕ್ಕೆ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 112.5ಕ್ಕೆ ಹತ್ತಿರದ ಸಮ ಸಂಖ್ಯೆ 112. 113.5ಕ್ಕೆ 114. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಅಂತಾರೆ. ಸಾವಿರಾರು ಅಂಕಿಗಳನ್ನು ರೌಂಡ್ ಮಾಡಿ ಕೂಡಿದಾಗ ಒಟ್ಟು ಮೊತ್ತ ಒಂದೇ ಕಡೆಗೆ ವಾಲಬಾರದು ಅಂತ ಹೀಗೆ ಮಾಡಿರುವುದು. ಅಂಕಿಅಂಶದ ಕೆಲಸಕ್ಕೆ ಒಳ್ಳೆಯದು, ಜಿಎಸ್‌ಟಿಗೆ ಸಲ್ಲದು.

ಇದರ ಕೆಳಗೆ ಇನ್ನೊಂದು ವಿಷಯ ಇದೆ. 0.1 + 0.2 ಎಷ್ಟು ಅಂತ ಕೇಳಿ. 0.30000000000000004 ಅಂತ ಬರುತ್ತದೆ. ದಶಮಾಂಶಗಳನ್ನು ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ, ಅದರಲ್ಲಿ 0.1 ಸರಿಯಾಗಿ ಕೂರುವುದಿಲ್ಲ, ಹತ್ತಿರದ ಬೆಲೆ ಇಟ್ಟುಕೊಳ್ಳುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಇದೇ ಕಥೆ.

ದುಡ್ಡಿನ ಲೆಕ್ಕಕ್ಕೆ ಪೈಥಾನ್ ಜೊತೆಗೇ ಬರುವ ಡೆಸಿಮಲ್ ಮಾಡ್ಯೂಲ್ ಬಳಸಿ. ಅದು ನಾವು ಕಾಗದದ ಮೇಲೆ ಮಾಡುವ ಹಾಗೆ ಹತ್ತರ ಲೆಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ರೌಂಡ್ ಮಾಡುವಾಗ ರೌಂಡ್ ಹಾಫ್ ಅಪ್ ಅನ್ನುವ ಪದ್ಧತಿ ಬೇಕು ಅಂತ ಹೇಳಿದರೆ 113 ಬರುತ್ತದೆ. ಒಂದು ಎಚ್ಚರ, ಅಂಕಿಯನ್ನು ಕೋಟ್ ಒಳಗೆ ಕೊಡಿ, "0.18" ಅಂತ. ಕೋಟ್ ಇಲ್ಲದೆ ಕೊಟ್ಟರೆ ಆ ಹತ್ತಿರದ ಬೆಲೆಯೇ ಒಳಗೆ ಹೋಗಿಬಿಡುತ್ತದೆ.

ವೋಚರ್ ವೀರ

ಇದಕ್ಕೆ ಒಂದು ಸೇರಿಸುತ್ತೇನೆ. ವಿಬಿಎ ಒಳಗಿನ ರೌಂಡ್ ಕೂಡ 112.5ಕ್ಕೆ 112 ಅನ್ನುತ್ತದೆ! ಅದೇ ಎಕ್ಸೆಲ್, ಸೆಲ್‌ನಲ್ಲಿ ಬರೆದರೆ 113, ಮ್ಯಾಕ್ರೋದಲ್ಲಿ ಬರೆದರೆ 112. ಮ್ಯಾಕ್ರೋ ಬರೆಯುವ ಅಕೌಂಟ್ಸ್‌ನವರು ಸೆಲ್‌ನ ರೌಂಡನ್ನೇ ವರ್ಕ್‌ಶೀಟ್ ಫಂಕ್ಷನ್ ಮೂಲಕ ಕರೆಯಬೇಕು.

ಲ್ಯಾಬ್ ಮೇಷ್ಟ್ರು

ಸಿ ಭಾಷೆಯ ರೌಂಡ್ 113 ಕೊಡುತ್ತದೆ, ಸೊನ್ನೆಯಿಂದ ದೂರಕ್ಕೆ ಹೋಗುವುದು ಅದರ ನಿಯಮ. ಜಾವಾಸ್ಕ್ರಿಪ್ಟ್ ಕೂಡ 113 ಅನ್ನುತ್ತದೆ. ಆದರೆ ಮೈನಸ್ 112.5 ಕೊಟ್ಟರೆ ಸಿ ಮೈನಸ್ 113 ಅಂದರೆ ಜಾವಾಸ್ಕ್ರಿಪ್ಟ್ ಮೈನಸ್ 112 ಅನ್ನುತ್ತದೆ. ಲೆಡ್ಜರ್ ಅವರೇ, ಈ ಪ್ರಶ್ನೆಯನ್ನು ನಾಳೆ ನನ್ನ ಲ್ಯಾಬಲ್ಲಿ ಮಕ್ಕಳಿಗೆ ಕೊಡುತ್ತೇನೆ.

ಲೆಡ್ಜರ್29

ಡೆಸಿಮಲ್ ಹಾಕಿದೆ, 113 ಬಂತು. ಮೈನಸ್ ಅಂದಾಗ ಹೊಳೆಯಿತು, ನಮ್ಮಲ್ಲಿ ಕ್ರೆಡಿಟ್ ನೋಟ್‌ಗಳು (ಬಿಲ್ ಮೊತ್ತ ಕಡಿಮೆ ಮಾಡುವ ಚೀಟಿಗಳು) ಮೈನಸ್‌ನಲ್ಲೇ ಬರುತ್ತವೆ. ಅದಕ್ಕೂ ಇದೇ ನಡೆಯುತ್ತಾ? ಮತ್ತೆ ಮುಂದೆ ಏನು ಮಾಡಲಿ, ಬಿಲ್ ನಂಬರ್‌ಗೆ ಕೈ ಹಾಕಲಾ?

ಮಲೆನಾಡಿಗ

ನಡೆಯುತ್ತದೆ. ಡೆಸಿಮಲ್‌ನ ಹಾಫ್ ಅಪ್ ಕೂಡ ಸೊನ್ನೆಯಿಂದ ದೂರಕ್ಕೇ ಹೋಗುತ್ತದೆ, ಬಿಲ್ 113 ಆದರೆ ಅದರ ಕ್ರೆಡಿಟ್ ನೋಟ್ ಮೈನಸ್ 113, ಎರಡೂ ಸೇರಿ ಸೊನ್ನೆ. ಓಡಿಸಿ ನೋಡಿ.

ಬಿಲ್ ನಂಬರ್‌ಗೆ ಕೈ ಹಾಕಿ, ಆದರೆ 2ಬಿಯ ಪೂರ್ತಿ ಫೈಲ್ ಬೇಡ. ನಿಮ್ಮ ಪ್ರಶ್ನೆಯಲ್ಲಿದ್ದ 0045, 45, 45/25-26 ಈ ಮೂರನ್ನೇ ಒಂದು ಪಟ್ಟಿಯಲ್ಲಿ ಇಟ್ಟು, ಮೂರರಿಂದಲೂ 45 ಬರುವ ಹಾಗೆ ಒಂದು ಫಂಕ್ಷನ್ ಬರೆಯಿರಿ. ಓರೆಗೆರೆ ಇದ್ದರೆ ಅದರ ಎಡಕ್ಕಿರುವ ಭಾಗ ಮಾತ್ರ ಇಟ್ಟುಕೊಳ್ಳುವುದು, ಮುಂದಿರುವ ಸೊನ್ನೆಗಳನ್ನು ತೆಗೆಯುವುದು, ಅಕ್ಕಪಕ್ಕದ ಸ್ಪೇಸ್ ತೆಗೆಯುವುದು. ಸ್ಪ್ಲಿಟ್, ಎಲ್‌ಸ್ಟ್ರಿಪ್, ಸ್ಟ್ರಿಪ್ ಅಂತ ಹುಡುಕಿ. ಮೊದಲಿಂದ ಕೊನೆತನಕ ಬಿಲ್ ನಂಬರನ್ನು ಅಕ್ಷರವಾಗಿಯೇ ಇಟ್ಟುಕೊಳ್ಳಿ, ಸಂಖ್ಯೆ ಮಾಡಬೇಡಿ. ಸಿಎಸ್‌ವಿ ಫೈಲನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಕೂಡ ಮಾಡಬೇಡಿ, ಅದು 0045ನ್ನು 45 ಮಾಡಿಬಿಡುತ್ತದೆ, 3-25 ಅನ್ನುವ ಬಿಲ್ ನಂಬರನ್ನು ತಾರೀಕು ಮಾಡಿಬಿಡುತ್ತದೆ. ಬೇರೆ ಬೇರೆ ಸಪ್ಲೈಯರ್‌ಗಳಲ್ಲಿ ಒಂದೇ 45 ಬರಬಹುದು, ಹಾಗಾಗಿ ತಾಳೆ ನೋಡುವಾಗ ಜಿಎಸ್‌ಟಿ ನಂಬರ್ ಮತ್ತು ಬಿಲ್ ನಂಬರ್ ಎರಡನ್ನೂ ಜೋಡಿಸಿಯೇ ನೋಡಬೇಕು. ಇನ್ನೊಂದು, ಕೆಲವರು 25-26/45 ಅಂತ ವರ್ಷ ಮುಂದೆ ಹಾಕುತ್ತಾರೆ, ಅಲ್ಲಿ ಈ ಫಂಕ್ಷನ್ ತಪ್ಪು ಉತ್ತರ ಕೊಡುತ್ತದೆ. ಅಂಥದ್ದು ಬಂದಾಗ ಏನು ಮಾಡಬೇಕು ಅಂತ ನೀವೇ ಮೊದಲು ಯೋಚಿಸಿ, ಬರೆದದ್ದನ್ನು ಇಲ್ಲಿ ಹಾಕಿ, ನೋಡೋಣ.